ಸಾಲಾಗಿ ಹೋಗಿ ಸಾಲಾಗಿ ಬಂದರೆ ಸಾಕೇ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಗ್ರಂಥಾಲಯ, ಮ್ಯೂಸಿಯಂ, ನೀರು ಶುದ್ಧೀಕರಣ ಘಟಕ, ಅಗ್ನಿಶಾಮಕ ಠಾಣೆ. ಊರಿನ ಎಲ್ಲರಿಗೂ ಸೇರಿದ ಇಂಥ ಜಾಗಗಳಿಗೆ ಶಾಲಾ ಮಕ್ಕಳನ್ನು ಕರೆದೊಯ್ಯುವ ಬಗ್ಗೆ, ಮಕ್ಕಳು ತಾವಾಗಿಯೇ ಅಲ್ಲಿಗೆ ಹೋಗುವಂತೆ ಮಾಡುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ಪ್ರತಿ ವರ್ಷ ನಾಲ್ಕು ಮತ್ತು ಐದನೇ ತರಗತಿಯ 60 ಮಕ್ಕಳನ್ನು ಸಾರ್ವಜನಿಕ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗುತ್ತೇವೆ. ಗ್ರಂಥಪಾಲಕರು ಚೆನ್ನಾಗಿ ವಿವರಿಸುತ್ತಾರೆ, ಮಕ್ಕಳೂ ಖುಷಿಯಾಗಿರುತ್ತಾರೆ. ಆದರೆ ಆಮೇಲೆ ಒಬ್ಬರೂ ಆ ಕಡೆ ತಲೆ ಹಾಕುವುದಿಲ್ಲ. ಎಲ್ಲಿ ತಪ್ಪುತ್ತಿದೆ? (ಪ್ರಾಥಮಿಕ ಶಾಲಾ ಶಿಕ್ಷಕಿ)

ಉತ್ತರ: ನೀವು ಮಕ್ಕಳಿಗೆ ಕಟ್ಟಡ ತೋರಿಸಿದ್ದೀರಿ. ಅದನ್ನು ಬಳಸುವ ಅವಕಾಶ ಅವರಿಗೆ ಇನ್ನೂ ಸಿಕ್ಕಿಲ್ಲ. ಭೇಟಿ ಫಲ ಕೊಟ್ಟಿತೋ ಇಲ್ಲವೋ ಎಂದು ಅಳೆಯಲು ನಮ್ಮ ಹತ್ತಿರ ಒಂದೇ ಅಳತೆಗೋಲು ಇದೆ. ಮಗು ಎರಡನೇ ಸಲ, ಶಾಲೆಯ ಸಾಲು ಬಿಟ್ಟು, ತನ್ನದೇ ಕೆಲಸಕ್ಕೆ ಅಲ್ಲಿಗೆ ಬಂತೇ? ಮೊದಲ ಭೇಟಿಯ ತಯಾರಿಯೆಲ್ಲ ಆ ಎರಡನೇ ಭೇಟಿಗಾಗಿಯೇ ನಡೆಯಬೇಕು.

ಮೊದಲು ಸಂಖ್ಯೆ ಇಳಿಸಿ. 60 ಮಕ್ಕಳು ಒಟ್ಟಿಗೆ ಬಂದರೆ ಗ್ರಂಥಪಾಲಕರಿಗೆ ಭಾಷಣ ಬಿಟ್ಟು ಬೇರೆ ದಾರಿ ಇರುವುದಿಲ್ಲ. 20ರ ತಂಡ ಮಾಡಿ ಮೂರು ಬೇರೆ ದಿನ ಹೋಗಿ. ಭೇಟಿಗೆ ಮೂರು ವಾರ ಮೊದಲೇ ಸದಸ್ಯತ್ವದ ಅರ್ಜಿಗಳನ್ನು ತಂದು ಮನೆಗೆ ಕಳಿಸಿ. ಪಾಲಕರ ಸಹಿ, ವಿಳಾಸದ ದಾಖಲೆ, ಕೆಲವೆಡೆ ಫೋಟೊ ಮತ್ತು ಠೇವಣಿ ಕೇಳುತ್ತಾರೆ. ಇವನ್ನು ಒಟ್ಟುಮಾಡುವುದೇ ನಿಜವಾದ ಕೆಲಸ. ಅರ್ಧ ಮಕ್ಕಳ ಅರ್ಜಿ ಮೊದಲ ವಾರ ಬರುತ್ತದೆ, ಉಳಿದದ್ದಕ್ಕೆ ಬೆನ್ನು ಬೀಳಬೇಕು. ಭೇಟಿಯ ದಿನ ಪ್ರತಿ ಮಗುವಿನ ಹೆಸರಿನ ಕಾರ್ಡ್ ಕೌಂಟರಿನಲ್ಲಿ ತಯಾರಿರಬೇಕು. ಕಾರ್ಡ್ ಇಲ್ಲದೆ ಗ್ರಂಥಾಲಯ ನೋಡಿ ಬರುವುದು ಊಟಕ್ಕೆ ಕರೆದು ಎಲೆ ಹಾಕದೆ ಕಳಿಸಿದ ಹಾಗೆ.

ಒಳಗೆ 45 ನಿಮಿಷ ಸಾಕು. ಅದರಲ್ಲಿ ಮಾತು 10 ನಿಮಿಷ ಮೀರದಿರಲಿ. ಉಳಿದ ಹೊತ್ತು ಹುಡುಕಾಟಕ್ಕೆ. ಒಬ್ಬೊಬ್ಬ ಮಗುವಿಗೂ ಒಂದು ಚೀಟಿ, ಚೀಟಿಯಲ್ಲಿ ಒಂದು ಸಂಖ್ಯೆ. ಬಹಳಷ್ಟು ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಜೋಡಿಸುವುದು ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿಯಂತೆ. 500ರಿಂದ 599ರವರೆಗೆ ವಿಜ್ಞಾನ. ಅದರೊಳಗೆ 598 ಹಕ್ಕಿಗಳು, 599 ಸಸ್ತನಿಗಳು, 567.9 ಡೈನೋಸಾರ್. ಜನಪದ ಕಥೆ ಬೇಕಾದವರು 398.2ಕ್ಕೆ, ಆಟೋಟದವರು 796ಕ್ಕೆ, ನಾಯಿ ಸಾಕುವ ಆಸೆಯವರು 636.7ಕ್ಕೆ ಹೋಗಬೇಕು. ಪುಸ್ತಕದ ಬೆನ್ನಿನ ಮೇಲೆ ಕೆಳಗಡೆ ಅಂಟಿಸಿದ ಚೀಟಿಯಲ್ಲಿ ಮೇಲಿನ ಸಾಲು ಈ ಸಂಖ್ಯೆ, ಕೆಳಗಿನ ಸಾಲಿನಲ್ಲಿ ಸಾಮಾನ್ಯವಾಗಿ ಲೇಖಕರ ಹೆಸರಿನ ಮೊದಲ ಅಕ್ಷರಗಳು.

ಮಕ್ಕಳು ಎಡವುವ ಜಾಗ ಒಂದಿದೆ. 523.4 ಗ್ರಹಗಳು, 523.112 ನಕ್ಷತ್ರಪುಂಜಗಳು, ಅಂದರೆ ಗೆಲಾಕ್ಸಿಗಳು. 112 ದೊಡ್ಡದು, 4 ಚಿಕ್ಕದು ಎಂದುಕೊಂಡು ಮಗು ನಕ್ಷತ್ರಪುಂಜವನ್ನು ಗ್ರಹಗಳ ಬಲಕ್ಕೆ ಹುಡುಕುತ್ತದೆ. ಅಲ್ಲಿ ಸಿಗುವುದಿಲ್ಲ, ‘ಪುಸ್ತಕವೇ ಇಲ್ಲ’ ಎಂದು ವಾಪಸ್ ಬರುತ್ತದೆ. ಬಿಂದುವಿನ ನಂತರದ ಅಂಕಿಗಳನ್ನು ಒಂದೊಂದಾಗಿ ಹೋಲಿಸಬೇಕು. 1 ಎಂಬುದು 4ಕ್ಕಿಂತ ಮೊದಲು ಬರುತ್ತದೆ, ಹಾಗಾಗಿ 523.112 ಇರುವುದು 523.4ರ ಎಡಕ್ಕೆ. ಹಿಂದಿನ ದಿನ ಕರಿಹಲಗೆಯ ಮೇಲೆ ಹತ್ತು ಸಂಖ್ಯೆ ಬರೆದು ಕ್ರಮವಾಗಿ ಜೋಡಿಸಲು ಹೇಳಿ. ಗಣಿತದ ದಶಮಾಂಶ ಪಾಠವೂ ಅದರಲ್ಲೇ ಮುಗಿಯುತ್ತದೆ. ಕೆಲವು ಗ್ರಂಥಾಲಯಗಳು ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ಪದ್ಧತಿಯನ್ನೋ, ಬರೀ ಬಣ್ಣದ ಪಟ್ಟಿಯನ್ನೋ ಬಳಸುತ್ತವೆ. ಚೀಟಿ ಬರೆಯುವ ಮೊದಲು ಕೇಳಿಕೊಳ್ಳಿ.

ಕೊನೆಗೆ ಪ್ರತಿ ಮಗುವೂ ತಾನೇ ಆರಿಸಿದ ಪುಸ್ತಕವನ್ನು ತನ್ನ ಕಾರ್ಡಿನ ಮೇಲೆ ಪಡೆದುಕೊಂಡು ಹೊರಡಲಿ. ಇಷ್ಟೆಲ್ಲ ಮಾಡಿದ ಮೇಲೂ ಶಾಲೆಗಳು ಒಂದು ಕಡೆ ಎಡವುತ್ತವೆ. ವಾಯಿದೆ ಹತ್ತಿರ ಬಂದಾಗ ಶಿಕ್ಷಕರು ಎಲ್ಲ ಪುಸ್ತಕ ಸಂಗ್ರಹಿಸಿ, ಚೀಲಕ್ಕೆ ಹಾಕಿ, ತಾವೇ ಹೋಗಿ ಕೊಟ್ಟು ಬಿಡುತ್ತಾರೆ. ಸದುದ್ದೇಶವೇ. ಆದರೆ ಆ ಮಗು ಗ್ರಂಥಾಲಯಕ್ಕೆ ಮರಳಿ ಹೋಗಲು ಇದ್ದ ಒಂದೇ ನೆಪ ಆ ವಾಯಿದೆಯ ದಿನಾಂಕ. ಅದನ್ನು ಕಿತ್ತುಕೊಳ್ಳಬೇಡಿ. ಹಲಗೆಯ ಮೂಲೆಯಲ್ಲಿ ದಿನಾಂಕ ಬರೆದಿಡಿ, ಸಾಕು.

ಪ್ರಶ್ನೆ: ನಾನು ಮಕ್ಕಳ ವಿಭಾಗ ನೋಡಿಕೊಳ್ಳುವ ಗ್ರಂಥಾಲಯ ಸಹಾಯಕಿ. ಶಾಲೆಯವರು ಬಂದು ಹೋದ ಮೇಲೆ ಕಪಾಟು ಸರಿಮಾಡಲು ಎರಡು ದಿನ ಬೇಕು. ಮಕ್ಕಳನ್ನು ಬೈಯಲೂ ಮನಸ್ಸಿಲ್ಲ.

ಉತ್ತರ: ಬೈಯುವುದು ಬೇಡ, ರಟ್ಟು ಕೊಡಿ. ಸುಮಾರು 30 ಸೆಂಟಿಮೀಟರ್ ಉದ್ದ, 8 ಸೆಂಟಿಮೀಟರ್ ಅಗಲದ ಗಟ್ಟಿ ರಟ್ಟಿನ ಪಟ್ಟಿಗಳನ್ನು ಕತ್ತರಿಸಿ, ಒಂದೊಂದಕ್ಕೂ ಸಂಖ್ಯೆ ಬರೆದು, ಒಳಗೆ ಬರುವ ಪ್ರತಿ ಮಗುವಿಗೆ ಒಂದು ಕೊಡಿ. ಪುಸ್ತಕ ಎಳೆಯುವ ಮೊದಲು ಪಟ್ಟಿಯನ್ನು ಅದರ ಪಕ್ಕ ಸಿಕ್ಕಿಸಬೇಕು, ಆಮೇಲೆ ಪುಸ್ತಕ ತೆಗೆಯಬೇಕು. ಬೇಡವಾದರೆ ಪಟ್ಟಿ ಇರುವಲ್ಲೇ ಮರಳಿ ಇಡಬೇಕು. ಮಗುವಿನ ಕೈಯಲ್ಲಿರುವುದು ಒಂದೇ ಪಟ್ಟಿ, ಹಾಗಾಗಿ ಒಂದು ಸಲಕ್ಕೆ ಹೊರಬರುವುದೂ ಒಂದೇ ಪುಸ್ತಕ. ಪಟ್ಟಿ ಕಪಾಟಿನಿಂದ ಎರಡು ಬೆರಳಿನಷ್ಟು ಹೊರಗೆ ಚಾಚಿಕೊಂಡಿರಲಿ. ಪೂರ್ತಿ ಒಳಗೆ ಹೋದರೆ ಯಾರಿಗೂ ಕಾಣುವುದಿಲ್ಲ.

ಮೇಜಿನ ಮೇಲೆ ಬಿಟ್ಟ ಪುಸ್ತಕಗಳನ್ನು ‘ಎತ್ತಿ ಒಳಗೆ ಇಟ್ಟುಬಿಡಿ’ ಎಂದು ಅವಸರದಲ್ಲಿ ಹೇಳಬೇಡಿ. ಅವರು ಇಡುತ್ತಾರೆ, ಎಲ್ಲೋ ಒಂದು ಕಡೆ. ಜಾಗ ತಪ್ಪಿ ಕೂತ ಪುಸ್ತಕ ದಾಖಲೆಯಲ್ಲಿ ‘ಇದೆ’, ಕೈಗೆ ಮಾತ್ರ ಸಿಗುವುದಿಲ್ಲ. ಕಳುವಾದದ್ದಕ್ಕಿಂತ ಅದು ಕಷ್ಟ, ಏಕೆಂದರೆ ಬದಲಿ ಪ್ರತಿ ತರಿಸಬೇಕೆಂದೂ ಯಾರಿಗೂ ಹೊಳೆಯುವುದಿಲ್ಲ. ಬಾಗಿಲ ಬಳಿ ಒಂದು ಗಾಡಿಯನ್ನೋ ದೊಡ್ಡ ಬುಟ್ಟಿಯನ್ನೋ ಇಟ್ಟು, ಅನುಮಾನವಿದ್ದದ್ದೆಲ್ಲ ಅಲ್ಲಿಗೆ ಎಂದು ಹೇಳಿ. ಶಾಲೆಯವರಿಗೆ ಮೊದಲೇ ಒಂದು ಹಾಳೆ ಕಳಿಸಿ: ಎಷ್ಟು ಮಕ್ಕಳು, ಯಾವ ಹೊತ್ತು, ಚೀಲ ಎಲ್ಲಿಡಬೇಕು, ಶೌಚಾಲಯ ಎಲ್ಲಿದೆ. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಒಳಗೆ ಬಂದ ಹತ್ತನೇ ನಿಮಿಷಕ್ಕೆ ಎಲ್ಲರಿಗೂ ಬೇಕಾಗುವುದು ಅದೇ.

ಪ್ರಶ್ನೆ: ಮಗಳಿಗೆ 9 ವರ್ಷ. ಗ್ರಂಥಾಲಯ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅವಳೊಬ್ಬಳನ್ನೇ ಕಳಿಸಬಹುದೇ? (ತಾಯಿ)

ಉತ್ತರ: ವಯಸ್ಸಿಗಿಂತ ದಾರಿ ನೋಡಿ ತೀರ್ಮಾನಿಸಿ. ನಡುವೆ ಸಿಗ್ನಲ್ ಇಲ್ಲದ ದೊಡ್ಡ ರಸ್ತೆ ಇದ್ದರೆ 9ಕ್ಕೂ ಬೇಡ, 10ಕ್ಕೂ ಬೇಡ. ಮಕ್ಕಳು ಒಂಟಿಯಾಗಿ ಒಳಗಿರಲು ಕನಿಷ್ಠ ವಯಸ್ಸು ನಿಗದಿ ಮಾಡಿದ ಗ್ರಂಥಾಲಯಗಳೂ ಇವೆ. ಅದನ್ನು ಮೊದಲು ವಿಚಾರಿಸಿ.

ದಾರಿ ಸುಲಭವಾಗಿದ್ದರೆ ಹಂತಹಂತವಾಗಿ ಬಿಡಿ. ಮೊದಲ ಎರಡು ಸಲ ನೀವು ಮುಂದೆ. ಆಮೇಲಿನ ಎರಡು ಸಲ ಅವಳು ಮುಂದೆ, ನೀವು ಹತ್ತು ಹೆಜ್ಜೆ ಹಿಂದೆ. ಎಲ್ಲಿ ದಾಟಬೇಕು, ಯಾವಾಗ ದಾಟಬೇಕು ಎಂಬುದನ್ನು ಅವಳೇ ನಿರ್ಧರಿಸಲಿ. ತಪ್ಪಿದರೆ ತಡೆಯಿರಿ, ತಪ್ಪುವ ಮೊದಲೇ ಬಾಯಿ ಹಾಕಬೇಡಿ. ಅದಾದ ಮೇಲೆ ನೀವು ಬಾಗಿಲಲ್ಲಿ ನಿಲ್ಲಿ, ಅವಳು ಒಳಗೆ ಹೋಗಿ ಪುಸ್ತಕ ಬದಲಿಸಿಕೊಂಡು ಬರಲಿ.

ಒಳಗಿನ ಕಷ್ಟ ರಸ್ತೆಯದಲ್ಲ, ಕೌಂಟರಿನದು. ಕೌಂಟರ್ ಎತ್ತರ, ಮಗು ಗಿಡ್ಡ, ಹಿಂದೆ ದೊಡ್ಡವರ ಸಾಲು. ಅದು ಬಾಯಿ ತೆರೆಯುವ ಮೊದಲೇ ಅಮ್ಮನೋ ಅಪ್ಪನೋ ‘ಇವಳಿಗೆ ಒಂದು ಕಥೆ ಪುಸ್ತಕ ಬೇಕಂತೆ’ ಎಂದುಬಿಡುತ್ತಾರೆ. ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಮೂರು ವಾಕ್ಯ ರೂಢಿ ಮಾಡಿಸಿ. ‘ಈ ಪುಸ್ತಕ ವಾಪಸ್ ಕೊಡಬೇಕಿತ್ತು.’ ‘ಆನೆಗಳ ಬಗ್ಗೆ ಪುಸ್ತಕ ಎಲ್ಲಿದೆ, ತೋರಿಸ್ತೀರಾ?’ ‘ಇದು ಹೊರಗೆ ಹೋಗಿದ್ದರೆ ನನ್ನ ಹೆಸರಿಗೆ ಕಾಯ್ದಿರಿಸಬಹುದಾ?’ ಮೂರನೆಯದು ಗೊತ್ತಿರುವ ಮಗು ಕಪಾಟಿನ ಮುಂದೆ ಸಪ್ಪೆ ಮುಖ ಹಾಕಿ ನಿಲ್ಲುವುದಿಲ್ಲ.

ಪ್ರಶ್ನೆ: ನಮ್ಮ ಶಾಲೆಯಿಂದ ಮ್ಯೂಸಿಯಮ್ಮಿಗೆ ನಡೆದೇ ಹೋಗಬಹುದು. ನಡುವೆ ಒಂದು ಅಗಲ ರಸ್ತೆ. 40 ಮಕ್ಕಳ ಸಾಲು ಅರ್ಧ ದಾಟುವಷ್ಟರಲ್ಲಿ ಸಿಗ್ನಲ್ ಬದಲಾಗುತ್ತದೆ. ಏನು ಮಾಡುವುದು? (ದೈಹಿಕ ಶಿಕ್ಷಕರು)

ಉತ್ತರ: ಲೆಕ್ಕ ಹಾಕಿ ನೋಡೋಣ. ಇಬ್ಬಿಬ್ಬರ ಸಾಲಾದರೆ 20 ಜೋಡಿ. ಜೋಡಿಯಿಂದ ಜೋಡಿಗೆ 1.2 ಮೀಟರ್ ಹಿಡಿದರೂ ಸಾಲಿನ ಉದ್ದ ಸುಮಾರು 24 ಮೀಟರ್. ರಸ್ತೆ 10 ಮೀಟರ್ ಅಗಲ ಎನ್ನಿ. ಚಿಕ್ಕ ಮಕ್ಕಳ ಸಾಲು ಸೆಕೆಂಡಿಗೆ ಒಂದು ಮೀಟರಿನಂತೆ ನಡೆದರೆ ಕೊನೆಯ ಜೋಡಿ ಆಚೆ ಮುಟ್ಟಲು 34 ಸೆಕೆಂಡು ಬೇಕು. ನಡೆಯುವವರಿಗೆ ಸಿಗುವ ಹಸಿರು 20 ಸೆಕೆಂಡಿನದಾದರೆ ಸಾಲು ತುಂಡಾಗುವುದು ಖಚಿತ. ಆಗ ಹಿಂದಿನವರು ಓಡುತ್ತಾರೆ. ಅಪಾಯ ಇರುವುದು ಆ ಓಟದಲ್ಲಿ.

ರಸ್ತೆ ದಾಟುವ ಪಟ್ಟೆಯ ಅಗಲ ಎಷ್ಟಿದೆ ನೋಡಿ, ನಾಲ್ಕು ಜನ ಹಿಡಿಸುವುದಾದರೆ ಪಾದಚಾರಿ ಹಾದಿಯ ಮೇಲೇ ಸಾಲನ್ನು ನಾಲ್ವರದ್ದಾಗಿ ಮಡಚಿ. ಈಗ 10 ಸಾಲು. ಅದನ್ನು ಐದೈದು ಸಾಲಿನ ಎರಡು ತಂಡ ಮಾಡಿ. ಒಂದು ತಂಡದ ಉದ್ದ 6 ಮೀಟರ್, ದಾಟಲು 16 ಸೆಕೆಂಡು. ಎರಡನೇ ತಂಡ ಮುಂದಿನ ಹಸಿರಿಗೆ. ಇದಕ್ಕೆ ಕನಿಷ್ಠ ಮೂವರು ದೊಡ್ಡವರು ಬೇಕು. ಒಬ್ಬರು ಮೊದಲ ತಂಡದ ಜೊತೆ ಆಚೆ ಹೋಗಿ ಅಲ್ಲೇ ನಿಲ್ಲಬೇಕು, ಒಬ್ಬರು ಎರಡನೇ ತಂಡದ ಜೊತೆ, ಒಬ್ಬರು ಎಲ್ಲರ ಹಿಂದೆ. ಹಸಿರು ಬಿದ್ದು ಕೆಲವು ಸೆಕೆಂಡು ಆಗಿದ್ದರೆ ಹೊರಡಲೇಬೇಡಿ, ಮುಂದಿನದಕ್ಕೆ ಕಾಯಿರಿ. ಹಿಂದಿನ ದಿನ ಅದೇ ಹೊತ್ತಿಗೆ ಹೋಗಿ, ಗಡಿಯಾರ ಹಿಡಿದು ಸಿಗ್ನಲಿನ ಅವಧಿ ಅಳೆದು ಬನ್ನಿ.

ತಲೆ ಎಣಿಕೆ ನಾಲ್ಕು ಸಲ: ಶಾಲೆಯ ಗೇಟು, ಮ್ಯೂಸಿಯಂ ಒಳಗೆ, ಮ್ಯೂಸಿಯಂ ಹೊರಗೆ, ಮತ್ತೆ ಗೇಟು. ಜೋಡಿಗಳಲ್ಲಿ ಎಣಿಸಿ, ಬೇಗ ಆಗುತ್ತದೆ. ಆದರೆ ಬೆಳಿಗ್ಗೆ ಒಬ್ಬರು ಗೈರಾಗಿದ್ದರೆ ಜೋಡಿ ಮುರಿದಿರುತ್ತದೆ. ಆ ಒಂಟಿ ಮಗುವನ್ನು ಮೂವರ ಗುಂಪು ಮಾಡಿ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳಿ. ಎಣಿಕೆಯ ಗೊಂದಲ ಹೆಚ್ಚಾಗಿ ಶುರುವಾಗುವುದು ಅಲ್ಲೇ. ಶಾಲೆಯ ದೂರವಾಣಿ ಸಂಖ್ಯೆಯ ಚೀಟಿ ಮಗುವಿನ ಜೇಬಿನೊಳಗಿರಲಿ. ಹೆಸರನ್ನು ಎದೆಯ ಮೇಲೆ ದೊಡ್ಡದಾಗಿ ಅಂಟಿಸಬೇಡಿ, ಅಪರಿಚಿತರೂ ಅದನ್ನು ಓದಿ ಹೆಸರು ಹಿಡಿದು ಕರೆಯಬಹುದು.

ಪ್ರಶ್ನೆ: ಮ್ಯೂಸಿಯಂ ನೋಡಲು ಹೋದರೆ ಕಾಲು ನೋಯುತ್ತದೆ, ಬೇಜಾರಾಗುತ್ತದೆ. ಏನನ್ನೂ ಮುಟ್ಟಬಾರದು, ಫ್ಲ್ಯಾಶ್ ಹಾಕಿ ಫೋಟೊನೂ ತೆಗೆಯಬಾರದು. ಯಾಕೆ? (ಏಳನೇ ತರಗತಿ ವಿದ್ಯಾರ್ಥಿ)

ಉತ್ತರ: ನಿನಗೊಬ್ಬನಿಗೇ ಅಲ್ಲ ಮರಿ, ದೊಡ್ಡವರಿಗೂ ಆಗುತ್ತದೆ. ಅದಕ್ಕೆ ‘ಮ್ಯೂಸಿಯಂ ದಣಿವು’ ಎಂಬ ಹೆಸರೇ ಇದೆ. ಬೆಂಜಮಿನ್ ಐವ್ಸ್ ಗಿಲ್ಮನ್ ಎಂಬುವರು 1916ರಲ್ಲೇ ಇದರ ಬಗ್ಗೆ ಲೇಖನ ಬರೆದರು. ವಸ್ತುಗಳನ್ನು ತೀರ ಕೆಳಗೋ ತೀರ ಮೇಲೋ ಇಟ್ಟಾಗ ನೋಡುವವರು ಎಷ್ಟು ಬಗ್ಗಬೇಕು, ಎಷ್ಟು ಕತ್ತು ಚಾಚಬೇಕು ಎಂಬುದನ್ನು ಫೋಟೊ ತೆಗೆಸಿ ತೋರಿಸಿದರು.

ಹಾಗಾಗಿ ಎಲ್ಲವನ್ನೂ ನೋಡುವ ಹಟ ಬಿಡು. ಇಡೀ ಮ್ಯೂಸಿಯಮ್ಮಿನಲ್ಲಿ ಮೂರೇ ವಸ್ತು ಆರಿಸಿಕೊ. ಒಂದೊಂದರ ಮುಂದೆ ಹತ್ತು ನಿಮಿಷ. ಮೊದಲು ಪಕ್ಕದ ಚೀಟಿ ಓದದೆ ನೋಡು. ಏತರಿಂದ ಮಾಡಿದ್ದು? ಎಲ್ಲಿ ಸವೆದಿದೆ? ಹಿಡಿ ಸವೆದಿದ್ದರೆ ಯಾರೋ ಬಹಳ ದಿನ ಹಿಡಿದಿದ್ದಾರೆ. ಒಂದೇ ಬದಿ ಸವೆದಿದ್ದರೆ ಹೇಗೆ ಹಿಡಿದಿರಬಹುದು? ಪೆನ್ಸಿಲಿನಲ್ಲಿ ಚಿತ್ರ ಬರೆ, ಚೆನ್ನಾಗಿ ಬರದಿದ್ದರೂ ಸರಿ. ಬರೆಯುವಾಗ ಕಣ್ಣು ತಾನಾಗಿಯೇ ಮೂಲೆ ಮೂಲೆಗೆ ಹೋಗುತ್ತದೆ. ಆಮೇಲೆ ಚೀಟಿ ಓದು. ಪೆನ್ನು ಬೇಡ, ಮಸಿ ಚೆಲ್ಲಿದರೆ ಕಲೆ ಹೋಗುವುದಿಲ್ಲವೆಂದು ಹಲವು ಕಡೆ ಬಿಡುವುದೇ ಇಲ್ಲ.

ಮುಟ್ಟಬಾರದು ಯಾಕೆಂದರೆ ನಮ್ಮ ಬೆರಳಿನ ಬೆವರಲ್ಲಿ ಉಪ್ಪು, ಆಮ್ಲ ಇರುತ್ತವೆ, ಚರ್ಮದ ಮೇಲೆ ಎಣ್ಣೆಯೂ ಇರುತ್ತದೆ. ಲೋಹದ ಮೇಲೆ ಬಿದ್ದ ಬೆರಳಚ್ಚು ದಿನ ಕಳೆದಂತೆ ಲೋಹವನ್ನು ತಿಂದು ಗುರುತು ಉಳಿಸುತ್ತದೆ. ಹಳೆಯ ಬಟ್ಟೆ, ಕಾಗದ, ಜಲವರ್ಣ ಚಿತ್ರಗಳಿಗೆ ಬೆಳಕೇ ಶತ್ರು. ಅವುಗಳ ಮೇಲೆ ಬೀಳುವ ಬೆಳಕನ್ನು ಸಾಮಾನ್ಯವಾಗಿ 50 ಲಕ್ಸ್‌ಗೆ ಮಿತಿಗೊಳಿಸುತ್ತಾರೆ. ಲಕ್ಸ್ ಎಂದರೆ ಬೆಳಕಿನ ಅಳತೆ. ಓದು ಬರಹಕ್ಕೆ ಬೆಳಗಿಸಿದ ಕೋಣೆಯಲ್ಲಿ 300ರಿಂದ 500 ಇರುತ್ತದೆ. ಬೆಳಕಿನಿಂದಾದ ಹಾನಿ ಕೂಡುತ್ತಾ ಹೋಗುತ್ತದೆ, ರಾತ್ರಿ ಕತ್ತಲಲ್ಲಿಟ್ಟರೆ ವಾಸಿಯಾಗುವುದಿಲ್ಲ. ಫ್ಲ್ಯಾಶ್ ಬೇಡ ಎನ್ನುವುದು ಅದಕ್ಕೇ. ಆ ಕೋಣೆಗಳಲ್ಲಿ ಮಬ್ಬು ಇರುವುದು ಕರೆಂಟು ಉಳಿಸಲು ಅಂದುಕೊಂಡಿದ್ದೆಯಾ?

ಪ್ರಶ್ನೆ: ನೀರು ಶುದ್ಧೀಕರಣ ಘಟಕಕ್ಕೆ ಮಕ್ಕಳನ್ನು ಕರೆದೊಯ್ಯಲು ಅನುಮತಿ ಸಿಕ್ಕಿದೆ. ಆದರೆ ಅಲ್ಲಿ ಕಾಣುವುದು ಬರೀ ದೊಡ್ಡ ತೊಟ್ಟಿಗಳು. ಮಕ್ಕಳಿಗೆ ಅರ್ಥವಾಗುವಂತೆ ಮೊದಲೇ ಏನು ಮಾಡಬಹುದು? (ವಿಜ್ಞಾನ ಶಿಕ್ಷಕ)

ಉತ್ತರ: ಹಿಂದಿನ ದಿನ ತರಗತಿಯಲ್ಲೇ ಒಂದು ಪುಟ್ಟ ಘಟಕ ನಡೆಸಿ. ಎರಡೂವರೆ ಲೀಟರ್ ನೀರಿಗೆ ಎರಡು ಚಮಚ ಮಣ್ಣು ಕದಡಿ ಹತ್ತು ನಿಮಿಷ ಬಿಡಿ. ಮರಳು, ಕಲ್ಲಿನ ಚೂರು ತಳಕ್ಕೆ ಹೋಗುತ್ತದೆ. ಮೇಲಿನ ಕೆಂಪು ನೀರನ್ನು ಎರಡು ಒಂದೇ ತರಹದ ಗಾಜಿನ ಜಾಡಿಗೆ ತಲಾ ಒಂದು ಲೀಟರ್ ಬಗ್ಗಿಸಿ. ಇನ್ನೊಂದು ಲೋಟದಲ್ಲಿ 100 ಮಿಲಿಲೀಟರ್ ನೀರಿಗೆ 1 ಗ್ರಾಂ ಆಲಂ ಪುಡಿ, ಅಂದರೆ ಪಟಿಕ, ಕರಗಿಸಿ. ಈ ದ್ರಾವಣದ 5 ಮಿಲಿಲೀಟರ್ ಒಂದು ಜಾಡಿಗೆ ಹಾಕಿ. ಲೀಟರಿಗೆ 50 ಮಿಲಿಗ್ರಾಂ ಆಯಿತು. ಇನ್ನೊಂದು ಜಾಡಿಗೆ ಏನೂ ಬೇಡ, ಅದು ಹೋಲಿಕೆಗೆ.

ಎರಡನ್ನೂ ಒಂದು ನಿಮಿಷ ಜೋರಾಗಿ ಕಲಕಿ. ಆಮೇಲೆ ಹತ್ತು ನಿಮಿಷ ತೀರ ನಿಧಾನವಾಗಿ, ನಿಮಿಷಕ್ಕೆ 20–30 ಸುತ್ತು. ಐದಾರು ನಿಮಿಷದಲ್ಲಿ ಆಲಂ ಹಾಕಿದ ಜಾಡಿಯಲ್ಲಿ ಮಂಜಿನ ಹಳುಕಿನಂಥ ಸಣ್ಣ ಮುದ್ದೆಗಳು ಕಾಣತೊಡಗುತ್ತವೆ. ಚಮಚ ತೆಗೆದು ಅರ್ಧ ಗಂಟೆ ಅಲ್ಲಾಡಿಸದೆ ಬಿಡಿ. ಮುದ್ದೆಗಳು ಕೆಳಗಿಳಿದು ಮೇಲಿನ ನೀರು ತಿಳಿಯಾಗುತ್ತದೆ. ಪಕ್ಕದ ಜಾಡಿ ಇನ್ನೂ ಕದಡಿದ ಹಾಗೇ ಇರುತ್ತದೆ. ಜೇಡಿಮಣ್ಣಿನ ಕಣಗಳ ಮೇಲೆ ಋಣ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂಡುತ್ತಾ ತೇಲುತ್ತಿರುತ್ತವೆ. ಆಲಂನಲ್ಲಿರುವ ಅಲ್ಯೂಮಿನಿಯಂ ಆ ವಿದ್ಯುದಂಶವನ್ನು ತಟಸ್ಥ ಮಾಡಿ, ಅಂಟಂಟಾದ ಹೈಡ್ರಾಕ್ಸೈಡ್ ಆಗಿ ಕಣಗಳನ್ನು ಹಿಡಿದುಕೊಳ್ಳುತ್ತದೆ.

ಕೆಡುವುದು ಎರಡು ಕಾರಣಕ್ಕೆ. ಒಂದು, ಉತ್ಸಾಹಿ ಹುಡುಗನೊಬ್ಬ ಕೊನೆಯವರೆಗೂ ಜೋರಾಗಿಯೇ ಕಲಕಿ ಮುದ್ದೆಗಳನ್ನು ಒಡೆದುಹಾಕುವುದು. ಇನ್ನೊಂದು, ನೀರು ತೀರ ಮೆದುವಾಗಿದ್ದು ಕ್ಷಾರೀಯತೆ ಸಾಲದಿರುವುದು, ಮಳೆನೀರಿನಲ್ಲಿ ಹೀಗಾಗುತ್ತದೆ. ಆಗ ಚಿಟಿಕೆ ಅಡುಗೆ ಸೋಡಾ ಹಾಕಿ ಮತ್ತೆ ಕಲಕಿ. ತಿಳಿಯಾದ ಆ ನೀರನ್ನು ಯಾರೂ ಕುಡಿಯಬಾರದು, ರೋಗಾಣುಗಳು ಅದರಲ್ಲಿ ಹಾಗೇ ಇರುತ್ತವೆ.

ಮರುದಿನ ಘಟಕದಲ್ಲಿ ಮಕ್ಕಳಿಗೆ ತೊಟ್ಟಿಗಳ ಗುರುತು ತಾನಾಗಿಯೇ ಹತ್ತುತ್ತದೆ. ಇದು ಜೋರಾಗಿ ಕಲಕುವುದು, ಇದು ನಿಧಾನವಾಗಿ ಕಲಕುವುದು, ಇದು ಅರ್ಧ ಗಂಟೆಯ ಜಾಡಿ. ಮುಂದಿನದು ಮರಳಿನ ಸೋಸುಗ. ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿ ಮರಳನ್ನು ತೊಳೆಯುವ ಹೊತ್ತು ಯಾವುದು ಎಂದು ಕೇಳಿ, ಸಾಧ್ಯವಾದರೆ ಅದಕ್ಕೆ ಸರಿಯಾಗಿ ಹೋಗಿ. ಇಡೀ ಘಟಕದಲ್ಲಿ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುವುದು ಅದೊಂದನ್ನೇ. ಕ್ಲೋರಿನ್ ಕೋಣೆಯ ಹತ್ತಿರ ಬೇಡ. ತೊಟ್ಟಿಗಳ ಕಟಕಟೆಗೆ ಒರಗುವುದು, ಹತ್ತುವುದು ಬೇಡ.

ಬಳಕೆಯ ಮಾತಿಗೆ ಬಂದರೆ, ಘಟಕದವರು ಅನುಮತಿ ಕೊಟ್ಟರೆ ಉಳಿಕೆ ಕ್ಲೋರಿನ್ ಪರೀಕ್ಷೆಯ ಕಿಟ್ ಹೇಗೆ ಬಳಸುವುದೆಂದು ಹೇಳಿಸಿಕೊಂಡು, ಶಾಲೆಯ ನಲ್ಲಿಯಲ್ಲಿ ವಾರಕ್ಕೊಮ್ಮೆ ಮಕ್ಕಳೇ ನೋಡಿ ಬರೆದಿಡಲಿ. ಕ್ಲೋರಿನ್ ಹಾಕಿದ ನೀರು ನಲ್ಲಿಗೆ ಬಂದಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಕೆಲವು ವಾರ ಸತತವಾಗಿ ಅದಕ್ಕಿಂತ ಕಡಿಮೆ ಬಂದರೆ, ದಿನಾಂಕ ಮತ್ತು ಅಂಕಿಗಳ ಸಮೇತ ಮಕ್ಕಳ ಕೈಯಲ್ಲೇ ಪತ್ರ ಬರೆಸಿ ಕಳಿಸಿ. ಸಾರ್ವಜನಿಕ ಸೌಲಭ್ಯ ಬಳಸುವುದೆಂದರೆ ಅದು ಕೆಟ್ಟಾಗ ಯಾರಿಗೆ ಹೇಳಬೇಕೆಂದು ತಿಳಿದಿರುವುದೂ ಹೌದು.

ಪ್ರಶ್ನೆ: ಅಗ್ನಿಶಾಮಕ ಠಾಣೆಗೆ ಹೋದರೆ ಮಕ್ಕಳು ಕಲಿಯಬೇಕಾದದ್ದು ಏನು?

ಉತ್ತರ: ಕರೆ ಮಾಡುವುದು. ಉಳಿದದ್ದೆಲ್ಲ ಸಂತೋಷಕ್ಕೆ. ಯಾವ ಸಂಖ್ಯೆಗೆ ಕರೆ ಮಾಡಬೇಕೆಂದು ಗೊತ್ತಿರಬೇಕು. ಆಮೇಲೆ ಎಲ್ಲಿಂದ ಮಾತಾಡುತ್ತಿದ್ದೇನೆ, ಏನಾಗಿದೆ, ಒಳಗೆ ಯಾರಾದರೂ ಇದ್ದಾರೆಯೇ. ಈ ಕ್ರಮದಲ್ಲಿ ಹೇಳಿ, ಆ ಕಡೆಯವರು ಇಡಿ ಅನ್ನುವವರೆಗೆ ಫೋನ್ ಇಡಬಾರದು. ಜಾಗ ಮೊದಲು ಹೇಳಬೇಕು. ಕರೆ ಅರ್ಧಕ್ಕೆ ಕಡಿದರೂ ಎಲ್ಲಿಗೆ ಹೊರಡಬೇಕೆಂದು ಅವರಿಗೆ ಗೊತ್ತಾಗಿರುತ್ತದೆ. ಅಭ್ಯಾಸವನ್ನು ಸಂಪರ್ಕವಿಲ್ಲದ ಹಳೆಯ ಫೋನಿನಲ್ಲಿ ಮಾಡಿಸಿ. ನಿಜವಾದ ಸಂಖ್ಯೆ ಒತ್ತಿ ಆಟವಾಡಿದರೆ ಬೇರೆ ಯಾರದೋ ಕರೆಗೆ ಲೈನ್ ಸಿಗದೆ ಹೋಗಬಹುದು. ಠಾಣೆಯಲ್ಲಿ ಮಕ್ಕಳನ್ನು ವಾಹನದ ಬಾಗಿಲ ಎದುರು ನಿಲ್ಲಿಸಬೇಡಿ. ಕರೆ ಬಂದರೆ ಭೇಟಿ ಅಲ್ಲಿಗೇ ನಿಲ್ಲುತ್ತದೆ, ಸಿಬ್ಬಂದಿ ಹೊರಟು ಹೋಗುತ್ತಾರೆ ಎಂದು ಮೊದಲೇ ಹೇಳಿಡಿ.

ಪ್ರಶ್ನೆ: ನಮ್ಮ ತರಗತಿಯಲ್ಲಿ ಗಾಲಿಕುರ್ಚಿ ಬಳಸುವ ಹುಡುಗನಿದ್ದಾನೆ. ‘ಎತ್ತಿಕೊಂಡು ಹೋಗೋಣ ಬಿಡಿ’ ಎಂದು ಎಲ್ಲರೂ ಹೇಳುತ್ತಾರೆ. (ತರಗತಿ ಶಿಕ್ಷಕಿ)

ಉತ್ತರ: ಎತ್ತಿಕೊಂಡು ಹೋಗುವ ಜಾಗಕ್ಕೆ ಅವನು ಎರಡನೇ ಸಲ ಒಬ್ಬನೇ ಹೋಗಲಾರ. ಅಳತೆ ಟೇಪು ಹಿಡಿದು ನೀವು ಮೊದಲು ಹೋಗಿ ಬನ್ನಿ. ಇಳಿಜಾರು ಹಾದಿಗೆ ಸಾಮಾನ್ಯವಾಗಿ ಬಳಕೆಯಲ್ಲಿರುವ ಅಳತೆ 1:12, ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ತಲಾ 15 ಸೆಂಟಿಮೀಟರಿನ ಮೂರು ಮೆಟ್ಟಿಲಿದ್ದರೆ ಎತ್ತರ 45 ಸೆಂಟಿಮೀಟರ್, ಇಳಿಜಾರು 5.4 ಮೀಟರ್ ಬೇಕು. ಒಂದೂವರೆ ಮೀಟರಿನ ಹಲಗೆ ಒರಗಿಸಿ ‘ಆಯ್ತಲ್ಲ’ ಎನ್ನುವವರಿದ್ದಾರೆ. ಅಷ್ಟು ಕಡಿದಾದ ಏರಿನಲ್ಲಿ ಕುರ್ಚಿ ಹಿಂದಕ್ಕೆ ಮಗುಚಬಹುದು. ಬಾಗಿಲು ತೆರೆದಾಗ ಸಿಗುವ ಜಾಗ 80–90 ಸೆಂಟಿಮೀಟರ್ ಇರಲಿ. ಕುರ್ಚಿ ತಿರುಗಲು ಒಂದೂವರೆ ಮೀಟರ್ ಜಾಗ, ಶೌಚಾಲಯದ ಒಳಗೂ.

ಇಳಿಜಾರು ಹಿಂಬದಿಯ ಬಾಗಿಲಲ್ಲಿದ್ದರೆ ಇಡೀ ತರಗತಿಯನ್ನು ಆ ಬಾಗಿಲಿನಿಂದಲೇ ಕರೆದೊಯ್ಯಿರಿ. ಅವನೊಬ್ಬನನ್ನು ಸುತ್ತು ಹಾಕಿಸಬೇಡಿ. ಇಳಿಜಾರೇ ಇಲ್ಲದಿದ್ದರೆ ಬೇರೆ ಜಾಗ ಆರಿಸಿ, ಕಾರಣವನ್ನು ಆ ಸಂಸ್ಥೆಗೆ ಬರೆದು ತಿಳಿಸಿ. ಯಾವುದೋ ಒಂದು ಮೆಟ್ಟಿಲಲ್ಲಿ ಎತ್ತಲೇಬೇಕಾಗಿ ಬಂದರೆ ಮೊದಲು ಅವನನ್ನು ಕೇಳಿ. ಕುರ್ಚಿಯ ಚೌಕಟ್ಟನ್ನು ಹಿಡಿಯಬೇಕು. ಕೈಯಿಡುವ ಪಟ್ಟಿ, ಕಾಲಿಡುವ ಹಲಗೆ ಕಳಚಿ ಕೈಗೆ ಬರುವಂಥವು.

ಪ್ರಶ್ನೆ: ಇಂಥ ಭೇಟಿಗಳಿಂದ ಪಾಠ ಹಿಂದೆ ಬೀಳುತ್ತದೆ ಎಂದು ಪಾಲಕರು ತಕರಾರು ಮಾಡುತ್ತಾರೆ. (ಮುಖ್ಯೋಪಾಧ್ಯಾಯರು)

ಉತ್ತರ: ಇಡೀ ದಿನ ಬಸ್ಸಿನಲ್ಲಿ ಕೂತು ಹೋಗುವ ಒಂದು ಪ್ರವಾಸಕ್ಕಿಂತ, ನಡೆದು ಹೋಗಿ ಎರಡು ಅವಧಿಯಲ್ಲಿ ಮುಗಿಯುವ ನಾಲ್ಕು ಭೇಟಿ ಮೇಲು. ಪಾಠ ಮುಗಿದ ಮೇಲೆ ಅಲ್ಲ, ಪಾಠದ ನಡುವೆ ಹೋಗಿ. ಆಗ ಮಕ್ಕಳ ಹತ್ತಿರ ಕೇಳಲು ಪ್ರಶ್ನೆ ಇರುತ್ತದೆ. ಇನ್ನು, ಬಂದ ಮರುದಿನ ‘ನಾನು ನೋಡಿದ ಗ್ರಂಥಾಲಯ’ ಎಂದು ಎರಡು ಪುಟ ಪ್ರಬಂಧ ಬರೆಸುವುದನ್ನು ದಯವಿಟ್ಟು ಬಿಡಿ. ಮುಂದಿನ ಸಲ ಹೋಗುವಾಗ ಮಕ್ಕಳ ಮನಸ್ಸಿನಲ್ಲಿ ಆ ಪ್ರಬಂಧವೇ ಕೂತಿರುತ್ತದೆ.

ಪ್ರಶ್ನೆ: ಮಗ ಗ್ರಂಥಾಲಯದ ಪುಸ್ತಕ ಕಳೆದುಕೊಂಡಿದ್ದಾನೆ. ಬೈಯುತ್ತಾರೆ, ದಂಡ ಹಾಕುತ್ತಾರೆ ಎಂದು ಹೆದರಿ ಎರಡು ತಿಂಗಳಿಂದ ಆ ಬೀದಿಗೇ ಹೋಗುತ್ತಿಲ್ಲ. (ತಂದೆ)

ಉತ್ತರ: ಮೊದಲು ಗ್ರಂಥಾಲಯದ ಕಪಾಟಿನಲ್ಲೇ ಹುಡುಕಿಸಿ. ಹಿಂತಿರುಗಿಸಿದ ಪುಸ್ತಕ ವಾಪಸ್ ಬಂದಿದೆಯೆಂದು ದಾಖಲೆಯಲ್ಲಿ ನಮೂದಾಗದೆ ನೇರ ಕಪಾಟಿಗೆ ಹೋಗಿಬಿಡುವುದು ಅಪರೂಪವೇನಲ್ಲ. ಸಂಖ್ಯೆ ಹೇಳಿ ‘ಒಮ್ಮೆ ಅಲ್ಲಿ ನೋಡ್ತೀರಾ’ ಎಂದು ಕೇಳಿದರೆ ಸಿಬ್ಬಂದಿ ನೋಡುತ್ತಾರೆ. ಅಲ್ಲಿ ಇಲ್ಲದಿದ್ದರೆ ಶಾಲೆಯ ಕಪಾಟು, ಗೆಳೆಯರ ಚೀಲ, ಮನೆಯ ಹಳೆ ಪತ್ರಿಕೆಗಳ ಕಟ್ಟು. ತೆಳ್ಳನೆಯ ಮಕ್ಕಳ ಪುಸ್ತಕ ಪತ್ರಿಕೆಗಳ ನಡುವೆ ಸೇರಿದರೆ ರದ್ದಿಗೆ ಹೋಗುವವರೆಗೆ ಕಾಣುವುದಿಲ್ಲ.

ಸಿಗದಿದ್ದರೆ ಇವತ್ತೇ ಹೋಗಿ ಹೇಳುವುದು ಒಳ್ಳೆಯದು. ದಂಡ ದಿನದ ಲೆಕ್ಕದಲ್ಲಿ ಏರುವ ಕಡೆ ‘ಕಳೆದಿದೆ’ ಎಂದು ಬರೆಸಿದರೆ ಸಾಮಾನ್ಯವಾಗಿ ಏರಿಕೆ ಅಲ್ಲಿಗೆ ನಿಲ್ಲುತ್ತದೆ. ಪುಸ್ತಕದ ಬೆಲೆ ಕೊಡಬೇಕೇ, ಅದೇ ಪುಸ್ತಕದ ಬೇರೆ ಪ್ರತಿ ತಂದುಕೊಡಬಹುದೇ ಎಂದು ಕೇಳಿ. ಪ್ರತಿ ಕೊಳ್ಳುವ ಮೊದಲೇ ಕೇಳಬೇಕು, ಏಕೆಂದರೆ ಕೆಲವರು ಅದೇ ಮುದ್ರಣವೇ ಬೇಕೆನ್ನುತ್ತಾರೆ, ತೆಳು ರಟ್ಟಿನದನ್ನು ಒಪ್ಪುವುದಿಲ್ಲ. ಮಗನನ್ನು ಜೊತೆಗೆ ಕರೆದೊಯ್ಯಿರಿ, ಮಾತು ಅವನೇ ಆಡಲಿ, ನೀವು ಹಣ ಕೊಟ್ಟರೆ ಸಾಕು. ಲೆಕ್ಕ ಚುಕ್ತಾ ಆದ ತಕ್ಷಣ, ಅಲ್ಲಿಂದ ಹೊರಡುವ ಮೊದಲು, ಇನ್ನೊಂದು ಪುಸ್ತಕ ತೆಗೆದುಕೊಳ್ಳಲು ಹೇಳಿ. ರಸೀದಿ ಜೋಪಾನವಾಗಿಡಿ. ಕಳೆದ ಪುಸ್ತಕ ಆಮೇಲೆ ಸಿಕ್ಕರೆ ಕೆಲವು ಕಡೆ ಹಣ ವಾಪಸ್ ಕೊಡುತ್ತಾರೆ, ರಸೀದಿ ಇದ್ದರೆ ಮಾತ್ರ.